ಬಂಡೆಯ ನಡುವೆ ಒಬ್ಬನೇ

ಸೂಲಿಬೆಲೆಯ ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತರೆ, ಆಕಾಶವು ನಿರ್ಮಲವಾಗಿರುವ ದಿನಗಳಲ್ಲಿ ವಾಯವ್ಯಕ್ಕೆ ನಂದಿಬೆಟ್ಟದ ಸಾಲು ಕಾಣುವುದು. ಕಳೆದ ವಾರ ನಮ್ಮ ತಮ್ಮನ ಮಗನು, “ದೊಡ್ಡಪ್ಪ, ಭಾನುವಾರ ನಾನೊಬ್ಬನೇ ಬೆಟ್ಟ ಹತ್ತಿ ಬರಲೇ?” ಎಂದು ಕೇಳಿದನು. ಒಡನೆಯೇ ಹೂಂ ಎನ್ನಲು ನಮಗೆ ನಾಲಗೆ ಏಳಲಿಲ್ಲ.

ಕಾರಣವುಂಟು. 2022ನೆಯ ಇಸವಿ ಫೆಬ್ರವರಿ 20, ಅಂದೂ ಭಾನುವಾರವೇ. ಹತ್ತೊಂಬತ್ತು ವಯಸ್ಸಿನ ವಿದ್ಯಾರ್ಥಿಯೊಬ್ಬನು ಆ ಬೆಟ್ಟದ ಬ್ರಹ್ಮಗಿರಿಯ ಕಡೆ ಒಂಟಿಯಾಗಿ ಹತ್ತುತ್ತಿದ್ದಾಗ ಕಾಲುಜಾರಿ, ಸುಮಾರು 300 ಅಡಿ ಕೆಳಗೆ ಕಡಿದಾದ ಬಂಡೆಯ ನಡುವೆ ಸಿಕ್ಕಿಕೊಂಡನು. ಮೇಲೇರಲು ಹಿಡಿಯಿಲ್ಲ, ಕೆಳಗಿಳಿಯಲು ದಾರಿಯಿಲ್ಲ. ಆದರೂ ಅವನು ಕಂಗೆಡದೆ, ತಾನಿರುವ ಸ್ಥಳದ ಗುರುತನ್ನು ಫೋನಿನಿಂದ ಕಳುಹಿಸಿದನು. ರಕ್ಷಣೆಗೆ ಬಂದವರಿಗೆ ಅವನಿದ್ದೆಡೆಗೆ ನಡೆದು ತಲಪುವುದು ಸಾಧ್ಯವಾಗದಿರಲು, ಯಲಹಂಕದಿಂದ ವಾಯುಪಡೆಯ ಹೆಲಿಕಾಪ್ಟರು ಬಂದು, ಹಗ್ಗದಲ್ಲಿ ಒಬ್ಬ ಯೋಧನನ್ನು ಇಳಿಸಿ, ಹುಡುಗನನ್ನು ಜೀವಸಹಿತ ಮೇಲೆತ್ತಿತು.

ಆ ಸುದ್ದಿಯನ್ನೋದಿದಾಗ ನಾವು ಹುಡುಗನ ಅವಿವೇಕವನ್ನೇ ಹಳಿದೆವು. ಈಗ ಯೋಚಿಸಿದರೆ, ಬಿದ್ದಮೇಲೆ ಅವನು ತೋರಿದ ವಿವೇಕವೇ ಹೆಚ್ಚಾಗಿ ನೆನಪಿಗೆ ಬರುವುದು. ಭಾರತದ ನಳೋಪಾಖ್ಯಾನದಲ್ಲಿ ಘೋರಾರಣ್ಯದಲ್ಲಿ ಒಂಟಿಯಾದ ದಮಯಂತಿಯು ಮರವನ್ನೂ ಗಿರಿಯನ್ನೂ ಕೂಗಿ ಕೇಳುತ್ತ, ಕಡೆಗೆ ವರ್ತಕರ ತಂಡವನ್ನು ಸೇರಿಯೇ ಕಾಡನ್ನು ದಾಟಿದಳು. ಸಹಾಯ ಬೇಡುವುದು ಹೇಡಿತನವೆಂದು ನಮ್ಮ ಮನೆಗಳ ಗಂಡುಮಕ್ಕಳಿಗೆ ಯಾರು ಕಲಿಸಿದರೋ! ಶಾಲೆಯಲ್ಲಿ ಧೈರ್ಯದ ಪಾಠ ಹೇಳುತ್ತಿದ್ದ ನಮ್ಮದೂ ಅದರಲ್ಲಿ ಪಾಲಿರಬಹುದು.

ಆದುದರಿಂದ ನಾವು ಬೇಡವೆನ್ನಲಿಲ್ಲ. ಕೆಲವು ಕಟ್ಟುಗಳನ್ನು ಮಾತ್ರ ಹಾಕಿದೆವು. ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಬರೆದಿಡಬೇಕು. ಮೆಟ್ಟಿಲ ದಾರಿಯನ್ನು ಬಿಡಕೂಡದು. ನೀರು, ಒಂದು ಸೀಟಿ, ತುಂಬಿದ ಬ್ಯಾಟರಿಯ ಫೋನು ಜೊತೆಗಿರಬೇಕು. ದಾರಿ ತಪ್ಪಿದರೆ ಅಲೆಯದೆ, ಅಪಾಯವಿಲ್ಲದೆಡೆ ನಿಂತು 112ಕ್ಕೆ ಕರೆಯಬೇಕು. ಅಲೆದಷ್ಟೂ ಹುಡುಕುವವರಿಗೆ ದೂರವಾಗುವೆವು. ಫೋನನ್ನು ಚಿತ್ರ ತೆಗೆಯುವುದರಲ್ಲೇ ಬರಿದುಮಾಡಬಾರದು. ಕತ್ತಲಾದರೆ ಬಂಡೆಯಿಳಿಯುವ ಸಾಹಸ ಸಲ್ಲದು.

ಇಂದು ಭಾನುವಾರ. ಹುಡುಗನ ಕೈಬರಹದ ಚೀಟಿಯು ಪಂಚಾಂಗದ ಪಕ್ಕದಲ್ಲಿ ತೂಗುತ್ತಿದೆ: “ಹನ್ನೆರಡಕ್ಕೆ ಮನೆಗೆ.” ಗಂಟೆ ಈಗ ಹನ್ನೊಂದೂವರೆ. ನಮ್ಮ ಮನೆಯಾಕೆ ಎರಡು ಸಲ ಬಾಗಿಲಿಗೆ ಹೋಗಿ ಬಂದಿದ್ದಾಳೆ. ನಾವೂ ಲೇಖನಿಯನ್ನಿಟ್ಟು ಮಾಳಿಗೆಗೆ ಹೋಗುವೆವು.