ತಾಯಿಯ ಓದಿಗೆ ಒಂದು ಗಳಿಗೆ

ದೆಹಲಿಯ ಮುನಿರ್ಕಾದ ಕನ್ನಡ ಮನೆಗಳಲ್ಲಿ ಅನೇಕ ತಾಯಂದಿರ ದಿನವು ಅಡಿಗೆ, ಕಚೇರಿ, ಮಕ್ಕಳ ಪಾಠಗಳಲ್ಲಿಯೇ ಸವೆಯುವುದು. ಇರುಳಿನಲ್ಲಿ ಉಳಿದ ಅರೆಗಳಿಗೆ ಕಾದಂಬರಿಯೊಂದನ್ನು ತೆರೆದರೆ, ಅದು ಕಾಲಹರಣವೆನ್ನುವವರುಂಟು. ನಾವು ಅದನ್ನು ಒಪ್ಪೆವು. ಬೀದಿಯಲ್ಲೆಲ್ಲ ಹಿಂದಿಯನ್ನೇ ಕೇಳುವ ನಮಗೆ ಹಬ್ಬ, ನಾಟಕಗಳ ಕನ್ನಡವನ್ನು ನೀಡಲು 1948ರಲ್ಲಿ ಸ್ಥಾಪನೆಗೊಂಡ ದೆಹಲಿ ಕರ್ನಾಟಕ ಸಂಘವು ನೆರೆಯ ರಾಮಕೃಷ್ಣಪುರಂನಲ್ಲಿದೆ. ದಿನದಿನದ ಕನ್ನಡವಾದರೋ ತಾಯಿಯ ಕೈಯ ಪುಸ್ತಕದಿಂದಲೇ ಬರಬೇಕು.

ಎಳೆವಯಸ್ಸಿನಲ್ಲಿಯೇ ಶಾಲೆ ಬಿಟ್ಟು ಗೃಹಿಣಿಯಾದ ಎಂ. ಕೆ. ಇಂದಿರಾ ಅವರು ಸಂಸಾರದ ನಡುವೆಯೇ ಓದಿ, ನಲವತ್ತೈದು ದಾಟಿದ ಮೇಲೆ, 1963ರಲ್ಲಿ ‘ತುಂಗಭದ್ರ’ ಕಾದಂಬರಿಯನ್ನಿತ್ತರು. ಅಂತಹ ಓದು ವ್ಯರ್ಥವೆ?

ತಾಯಿಯನ್ನು ಹೊಗಳಿ ಪದ್ಯ ಬರೆಯುವುದು ಸುಲಭ. ಊಟವಾದ ಮೇಲೆ ಪಾತ್ರೆ ತೊಳೆದು, ಹಾಸಿಗೆ ಹಾಸಿ, ಆಕೆಯ ಓದಿಗೆ ಗಳಿಗೆಯೊಂದನ್ನು ಉಳಿಸಿಕೊಡುವುದೇ ಮಕ್ಕಳಾದ ನಮ್ಮ ನಿಜವಾದ ಮಾತೃಭಕ್ತಿ; ಭಾಷಾಭಕ್ತಿಯೂ ಅದೇ.