ಮಳೆನೀರಿನ ಸಾಕ್ಷಿ

೨೦೨೫ನೆಯ ನವೆಂಬರ ೨೩ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಅಗ್ನಿಪರ್ವತವು ಸಿಡಿಯಲು, ಮರುದಿನವೇ ಅದರ ಬೂದಿಯು ನಮ್ಮ ದೇಶದ ಆಕಾಶವನ್ನು ಮುಟ್ಟಿ ವಿಮಾನಸಂಚಾರವನ್ನು ಕೆಡಿಸಿತು. ಇಂಥ ಹೊಗೆಯ ಜಾಡನ್ನು ಮಳೆ-ಹಿಮಗಳೂ ಹೇಳಬಲ್ಲವು. ನೆಲದ ರೇಡಾನ್ ವಾಯುವಿನಿಂದ ಹುಟ್ಟಿದ ವಿಕಿರಣಶೀಲ ಸೀಸ-೨೧೦ ಮಳೆನೀರಿನಲ್ಲಿ ಸಹಜವಾಗಿಯೇ ಇರುವದು. ಪೊಲೋನಿಯಂ-೨೧೦ ಅದಕ್ಕಿಂತ ಬಹು ಕಡಿಮೆ. ಕುದಿಯುವ ಶಿಲಾರಸದಿಂದಲಾದರೋ ಪೊಲೋನಿಯಂ ಬಹು ಸುಲಭವಾಗಿ ಆವಿಯಾಗುವದು. ಆದುದರಿಂದ ಮಳೆಯಲ್ಲಿ ಅದರ ಪ್ರಮಾಣವು ಏರಿದರೆ ದೂರದ ಅಗ್ನಿಪರ್ವತವನ್ನು ಶಂಕಿಸಬಹುದು. ಆದರೆ ೧೩೮ ದಿನಗಳಲ್ಲಿ ಅದು ಅರ್ಧಕ್ಕಿಳಿಯುವದು; ತಡಮಾಡಿದರೆ ಸಾಕ್ಷಿಯು ಅಳಿದೀತು.

ಕೈಗಾ ಅಣುವಿದ್ಯುತ್ ಸ್ಥಾವರವುಳ್ಳ ನಮ್ಮ ಜಿಲ್ಲೆಗೆ ಇದು ಬರಿಯ ಕೌತುಕವಲ್ಲ. ಹುಲೇಕಲ್ಲಿನ ಮಳೆಯಲ್ಲಿ ಪ್ರಕೃತಿಯ ಪಾಲೆಷ್ಟೆಂದು ಅರಿಯದೆ ಮನುಷ್ಯನ ಪಾಲನ್ನು ಅಳೆಯುವದೆಂತು? ಅಳತೆಯ ಲೆಕ್ಕವು ವರ್ಷವರ್ಷವೂ ಕನ್ನಡದಲ್ಲಿ ಪ್ರಕಟವಾಗಲಿ. ಸುಳ್ಳಂಜಿಕೆಯನ್ನೂ ಕುರುಡುನಂಬಿಕೆಯನ್ನೂ ಕಳೆಯಬಲ್ಲುದು ಅದೊಂದೇ.