ಹೊಸದೆಂದ ಮಾತ್ರಕ್ಕೆ ಸುರಕ್ಷಿತವೇ?

ಲೈಬ್ರರಿಗಳ ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳಬೇಕು, ಬಾಟ್ ತಾನೇ ಮರ್ಜ್ ಮಾಡಲಿ ಎಂದು ಕಳೆದ ಸಂಚಿಕೆಯ ಲೇಖಕರು ಅಪ್ಪಣೆ ಕೊಡಿಸಿದ್ದಾರೆ. 2025ರ ಸೆಪ್ಟೆಂಬರ್ ಅವರಿಗೆ ನೆನಪಿಲ್ಲವೇ? ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಭಂಡಾರವಾದ ಎನ್‌ಪಿಎಂನಲ್ಲಿ ಚಾಕ್, ಡೀಬಗ್ ಮುಂತಾದ ಲೈಬ್ರರಿಗಳನ್ನು ನೋಡಿಕೊಳ್ಳುತ್ತಿದ್ದವರೊಬ್ಬರು ನಕಲಿ ಇಮೇಲ್ ನಂಬಿ ಖಾತೆ ಕಳೆದುಕೊಂಡರು. ಕ್ರಿಪ್ಟೋ ಹಣ ಕದಿಯುವ ಕೋಡ್ ತುಂಬಿದ ಆವೃತ್ತಿಗಳು ಹೊರಬಂದವು. ಕೆಲವೇ ಗಂಟೆಗಳಲ್ಲಿ ಅವನ್ನು ತೆಗೆದರು, ನಿಜ. ಆದರೆ ಆ ಗಂಟೆಗಳಲ್ಲಿ ಸಿಕ್ಕಿಬೀಳಬಲ್ಲವರು ಈ ಲೇಖಕರ ಮಾತು ಕೇಳುವವರೇ. ನಾಲ್ಕು ದಿನ ತಡೆದವರು ಬಚಾವ್. (2018ರಲ್ಲಿ ಇವೆಂಟ್-ಸ್ಟ್ರೀಮ್ ಲೈಬ್ರರಿಯ ಮೂಲಕ ನುಸುಳಿದ ಕಳ್ಳ ಕೋಡ್ ಎರಡು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ, ಅಲ್ಲಿ ನಾಲ್ಕು ದಿನ ಸಾಲುತ್ತಿರಲಿಲ್ಲ, ಒಪ್ಪುತ್ತೇನೆ.)

ಭದ್ರತಾ ಲೋಪ ಮುಚ್ಚುವ ಪ್ಯಾಚ್‌ನ ಮಾತು ಬೇರೆ. 2019ರಲ್ಲಿ ಅಂಥ ಲೋಪ ಮುಚ್ಚುವ ಲೋಡ್ಯಾಶ್ ಲೈಬ್ರರಿಯ 4.17.12 ಆವೃತ್ತಿ ಬಂದಾಗ ಕಾಯುವುದಕ್ಕೆ ಕಾರಣವೇ ಇರಲಿಲ್ಲ. ಮಾಮೂಲಿ ಹೊಸ ಆವೃತ್ತಿ, ಭದ್ರತಾ ಪ್ಯಾಚ್ ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದೇ ಲೇಖನದ ದೊಡ್ಡ ತಪ್ಪು.

ಇನ್ನು ಪ್ರತಿ ಲೈಬ್ರರಿಯ ನಿಖರ ಆವೃತ್ತಿಯನ್ನು ದಾಖಲಿಸುವ ಲಾಕ್‌ಫೈಲ್ ಬಗ್ಗೆ ಒಂದು ಸಾಲೂ ಇಲ್ಲ! ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ಕ್ಯಾರೆಟ್ ಚಿಹ್ನೆ ಇದ್ದರೆ ಆವೃತ್ತಿ ನಮಗೆ ಹೇಳದೆಯೇ ಮೇಲೇರಬಹುದು. ಲಾಕ್‌ಫೈಲನ್ನು ಕಮಿಟ್ ಮಾಡಿ, ಬಿಲ್ಡ್‌ನಲ್ಲಿ 'ಎನ್‌ಪಿಎಂ ಸಿಐ' ಓಡಿಸಿದರೆ ಏರುವುದಿಲ್ಲ. ಬಾಟ್ ಬೇಕಾದಷ್ಟು ಪುಲ್ ರಿಕ್ವೆಸ್ಟ್ ತೆರೆಯಲಿ. ಮರ್ಜ್ ಗುಂಡಿಯನ್ನು ಚೇಂಜ್‌ಲಾಗ್ ಓದಿದ ಮನುಷ್ಯರೇ ಒತ್ತಲಿ.